ಆನೆ ಒಂದು ಕಡೆ, ಭೇರುಂಡ ಇನ್ನೊಂದು ಕಡೆ: ವಿಜಯನಗರದ ಒಂದು ತಾಮ್ರದ ನಾಣ್ಯದ ಓದು

ನಾನು ಮಡಕಶಿರ ಕಡೆಯವಳು. 1565ರ ನಂತರ ರಾಜಧಾನಿಯಾದ ಪೆನುಗೊಂಡೆ ನಮಗೆ ಹತ್ತಿರ. ನಮ್ಮ ಕಡೆ ವಿಜಯನಗರದ ಮಾತು ಬಂದರೆ ಮೊದಲು ಏಳುವ ಪ್ರಶ್ನೆ, ಅದು ಕನ್ನಡದ್ದೋ ತೆಲುಗಿನದ್ದೋ ಅನ್ನೋದು. ನಾಣ್ಯದ ಮೇಲೆ ಕನ್ನಡ ಅಕ್ಷರ ಕಂಡ ಕೂಡಲೇ ಗೆದ್ದೆವು ಅಂದುಕೊಳ್ಳುತ್ತೇವೆ. ಆ ಅಕ್ಷರ ಏನು ಹೇಳುತ್ತದೆ ಅಂತ ಓದೋದೇ ಇಲ್ಲ. ನನ್ನ ತಕರಾರು ಇದೇ. ಲಿಪಿಯೇ ಗಡಿ ಹಾಕುವುದಾದರೆ ಕೃಷ್ಣದೇವರಾಯನ ನಾಗರಿ ಲಿಪಿಯ ವರಹವನ್ನು ಯಾವ ರಾಜ್ಯಕ್ಕೆ ಕೊಡೋಣ?

ಇಮ್ಮಡಿ ದೇವರಾಯನದೆಂದು (1424–1446) ಗುರುತಿಸುವ ಒಂದು ಬಗೆಯ ತಾಮ್ರದ ನಾಣ್ಯ ನೋಡೋಣ. ಒಂದು ಮುಖದಲ್ಲಿ ಆನೆ. ಇನ್ನೊಂದರಲ್ಲಿ ಕನ್ನಡದಲ್ಲಿ 'ರಾಯ ಗಜ ಗಂಡಭೇರುಂಡ'. ಆನೆ ಅಂದರೆ ಅರಸನ ಬಲದ ಸಂಕೇತ, ಇಲ್ಲವೇ 'ಗಜಬೇಟೆಕಾರ' ಬಿರುದಿನ ಗುರುತು ಅಂತ ಹೇಳಿ ಮುಗಿಸುವುದು ಸುಲಭ. ಎರಡನೆಯದನ್ನು ನಾನು ತಳ್ಳಿಹಾಕುವುದಿಲ್ಲ. ಆದರೆ ಬಿರುದನ್ನು ಬಿಡಿಸಿ ನೋಡಿ: ಎದುರಾಳಿ ರಾಯರೆಂಬ ಆನೆಗಳಿಗೆ ಗಂಡಭೇರುಂಡ. ಹಾಗೆ ಓದಿದರೆ ಚಿತ್ರದಲ್ಲಿರುವ ಆನೆ ದೇವರಾಯ ಅಲ್ಲವೇ ಅಲ್ಲ, ಅವನ ಬೇಟೆ! ರೂಪಕದ ಅರ್ಧ ಚಿತ್ರದಲ್ಲಿದೆ, ಉಳಿದರ್ಧ ಅಕ್ಷರದಲ್ಲಿ. ನಾಣ್ಯವನ್ನು ತಿರುಗಿಸದೆ ಅಲಂಕಾರ ಪೂರ್ತಿಯಾಗುವುದಿಲ್ಲ. ಪುಸ್ತಕಗಳಲ್ಲಿ ಎರಡೂ ಮುಖ ಪಕ್ಕಪಕ್ಕ ಅಚ್ಚಾಗಿರುವುದರಿಂದ ಈ ತಿರುಗಿಸುವ ಕೆಲಸ ನಮಗೆ ತಪ್ಪಿಹೋಗಿದೆ.

ಇನ್ನು ಸುತ್ತಿಗೆಯ ವಿಷಯ. ಎರಡು ಅಚ್ಚುಗಳ ನಡುವೆ ತಾಮ್ರದ ಬಿಲ್ಲೆ ಇಟ್ಟು ಬಡಿಯುತ್ತಿದ್ದರು. ಬಿಲ್ಲೆ ಅಚ್ಚಿಗಿಂತ ಚಿಕ್ಕದಾದರೆ, ಅಥವಾ ಸ್ವಲ್ಪ ಸರಿದರೆ, ಅಕ್ಷರ ಅಂಚಿನಾಚೆ ಹೋಯಿತು. ಅಂಥ ಕಡೆ ಪೂರ್ತಿ ಬಿರುದನ್ನು ಹಲವು ನಾಣ್ಯ ಜೋಡಿಸಿ ಕಟ್ಟಿಕೊಳ್ಳಬೇಕು, ಓಲೆಗರಿಗಳ ಪಾಠ ಕೂಡಿಸಿದ ಹಾಗೆ. ಗ್ರಂಥಸಂಪಾದನೆ ಪತ್ರಿಕೆ ಓದಿದ ನಮಗೆ ಇದು ಹೊಸದೇನಲ್ಲ. ಸಂತೆಯಲ್ಲಿ ನಿಂತವನ ಕೈಗೆ ಬಂದದ್ದು ಬರೀ 'ಗಜ' ಇದ್ದಿರಬಹುದು. ಅವನಿಗೆ ಆನೆ ಬರೀ ಆನೆ. 1443ರಲ್ಲಿ ಬಂದ ಅಬ್ದುಲ್ ರಜಾಕ್ ಕೊಟ್ಟ ಪ್ರಮಾಣ ಹಿಡಿದು ಗುಣಿಸಿದರೆ ಒಂದು ವರಹಕ್ಕೆ 360 ಜಿತಲ್ ಆಗುತ್ತದೆ. ಇಷ್ಟು ಚಿಲ್ಲರೆ ಕಾಸಿನ ಮೇಲೆ ಅಷ್ಟು ದೊಡ್ಡ ಬಿರುದು, ಅದೂ ಅರ್ಧಂಬರ್ಧ.

ಅಚ್ಯುತರಾಯನ (1529–1542) ಚಿನ್ನದ ನಾಣ್ಯಕ್ಕೆ ಬಂದರೆ ಈ ತೊಡಕೇ ಇಲ್ಲ. ಗಂಡಭೇರುಂಡವೇ ಕೊಕ್ಕಿನಲ್ಲೂ ಉಗುರಲ್ಲೂ ಆನೆಗಳನ್ನು ಹಿಡಿದು ನಿಂತಿದೆ, ಎಲ್ಲ ಒಂದೇ ಮುಖದಲ್ಲಿ. ಹಿಂದೆ ನಾಗರಿಯಲ್ಲಿ ಅರಸನ ಹೆಸರು. ಕೆಲಸ ಅಂದವಾಗಿದೆ, ನಿಜ. ಆದರೆ ಅಲ್ಲಿ ಓದುಗನಿಗೆ ಮಾಡಲು ಏನೂ ಉಳಿದಿಲ್ಲ. ಕಾವ್ಯ ಅಂತ ನೋಡಿದರೆ ನನಗೆ ಆ ಅಂಚು ಹರಿದ ತಾಮ್ರದ್ದೇ ಮೇಲು.