ಬಹುಪ್ರಯುಕ್ತ ಪದಗಳ ಪಟ್ಟಿಯೂ ಇಂಗ್ಲಿಷಿನ ಅಭ್ಯಾಸವೂ

ಇಂಗ್ಲಿಷನ್ನು ಓದಿ ಬರೆಯಲು ಕಲಿಯಬೇಕೆನ್ನುವವನು ಆ ಭಾಷೆಯಲ್ಲಿ ಎಲ್ಲಕ್ಕಿಂತ ಹೆಚ್ಚಾಗಿ ಬಳಕೆಯಲ್ಲಿರುವ ನೂರು, ಸಾವಿರ ಅಥವಾ ಎರಡು ಸಾವಿರ ಪದಗಳನ್ನು ಮೊದಲು ಬಾಯಿಪಾಠ ಮಾಡಿದರೆ ಸಾಕು, ಉಳಿದುದೆಲ್ಲವೂ ತಾನಾಗಿಯೇ ಬರುವುದು ಎಂಬ ಮತವು ನಮ್ಮ ಉಪಾಧ್ಯಾಯವರ್ಗದಲ್ಲಿ ಬಲವಾಗಿ ಬೇರೂರಿದೆ. ಶಾಲೆಯ ಗೋಡೆಗಳ ಮೇಲೆ ಇಂಥ ಪಟ್ಟಿಗಳನ್ನು ತೂಗುಹಾಕಿರುವುದನ್ನು ಕಾಣುತ್ತೇವೆ; ಪುಸ್ತಕದಂಗಡಿಗಳಲ್ಲಿ ಅವು ಕನ್ನಡದ ಅರ್ಥಸಮೇತವಾಗಿ ಮಾರಾಟಕ್ಕೆ ದೊರೆಯುತ್ತವೆ. ಒಂದನೆಯ ತರಗತಿಯಿಂದಲೇ ಇಂಗ್ಲಿಷನ್ನು ಕಲಿಸುತ್ತಿರುವ ಈ ಕಾಲದಲ್ಲಿ, ಮನೆಯಲ್ಲಿ ಆ ಭಾಷೆಯ ಸೋಂಕೇ ಇಲ್ಲದ ಮಕ್ಕಳ ಎಷ್ಟೋ ಗಂಟೆಗಳು ಈ ಪಟ್ಟಿಗಳಿಗೆ ವ್ಯಯವಾಗುತ್ತಿವೆ. ಆದಕಾರಣ ಇವನ್ನು ಯಾರು, ಯಾರಿಗಾಗಿ, ಯಾವ ಕ್ರಮದಿಂದ ಮಾಡಿದರು, ಕನ್ನಡವು ಮಾತೃಭಾಷೆಯಾಗಿರುವ ವಿದ್ಯಾರ್ಥಿಗೆ ಇವು ಎಷ್ಟರ ಮಟ್ಟಿಗೆ ಹೊಂದುತ್ತವೆ ಎಂಬುದನ್ನು ವಿಚಾರಿಸುವುದು ಅಗತ್ಯವಾಗಿದೆ.

ಒಂದೊಂದೇ ಪದವನ್ನು ಹೇಳಿಕೊಟ್ಟು ಭಾಷೆಯನ್ನು ಕಲಿಸಲಾಗದೆಂಬುದು ನಮ್ಮ ಶಾಸ್ತ್ರಕಾರರಿಗೆ ಹೊಸ ಸಂಗತಿಯಲ್ಲ. ಪತಂಜಲಿಯು ಮಹಾಭಾಷ್ಯದ ಮೊದಲನೆಯ ಆಹ್ನಿಕದಲ್ಲಿಯೇ ಇದಕ್ಕೊಂದು ಕಥೆಯನ್ನು ಹೇಳಿರುವನು. ಬೃಹಸ್ಪತಿಯು ಗುರು, ಇಂದ್ರನು ಶಿಷ್ಯ, ಅಧ್ಯಯನಕ್ಕೆ ದಿವ್ಯಮಾನದ ಸಾವಿರ ವರ್ಷ. ಆದರೂ ಪ್ರತಿಪದಪಾಠದಿಂದ ಶಬ್ದಗಳ ಕೊನೆಯನ್ನು ಮುಟ್ಟಲಾಗಲಿಲ್ಲ. ಇದಕ್ಕೆ ಭಾಷ್ಯಕಾರನು ಹೇಳುವ ಪರಿಹಾರ ಲಕ್ಷಣ, ಎಂದರೆ ಸಾಮಾನ್ಯವಿಧಿಯೊಂದನ್ನು ಹೇಳಿ ಅದರ ಅಪವಾದಗಳನ್ನು ವಿಶೇಷವಿಧಿಗಳಿಂದ ತಿಳಿಸುವುದು. ಪಾಶ್ಚಾತ್ಯರು ಇತ್ತೀಚಿನ ಕಾಲದಲ್ಲಿ ಕಂಡುಕೊಂಡದ್ದು ಬೇರೊಂದು ದಾರಿ. ಶಬ್ದರಾಶಿಯು ಅನಂತವಾದರೂ ಪ್ರಯೋಗದಲ್ಲಿ ಎಲ್ಲ ಶಬ್ದಗಳೂ ಸಮಾನವಲ್ಲ; ಕೆಲವು ಹೆಜ್ಜೆಹೆಜ್ಜೆಗೂ ಬರುತ್ತವೆ, ಕೆಲವು ಜನ್ಮದಲ್ಲಿ ಒಮ್ಮೆ. ಆದ್ದರಿಂದ ಎಣಿಸಿ ನೋಡಿ ಹೆಚ್ಚು ಬರುವುದನ್ನೇ ಮೊದಲು ಕಲಿಸೋಣ ಎಂಬುದು ಅವರ ಯುಕ್ತಿ. ಯುಕ್ತಿಯಲ್ಲಿ ಹುರುಳುಂಟು. ಎಣಿಕೆಯನ್ನು ನಾವು ಆಕ್ಷೇಪಿಸುತ್ತಿಲ್ಲ. ಎಣಿಕೆಯ ಕ್ರಮವೇ ಕಲಿಕೆಯ ಕ್ರಮವೆಂಬ ಅಧ್ಯಾರೋಪವನ್ನು ಆಕ್ಷೇಪಿಸುತ್ತಿದ್ದೇವೆ.

ಈ ಎಣಿಕೆಯು ಭಾಷಾಬೋಧನೆಗಾಗಿ ಹುಟ್ಟಿದುದಲ್ಲ. ಜರ್ಮನಿಯಲ್ಲಿ ಕೇಡಿಂಗನು 1898ರ ವೇಳೆಗೆ ಸುಮಾರು 1 ಕೋಟಿ 10 ಲಕ್ಷ ಪದಗಳನ್ನು ಎಣಿಸಿ ಮುಗಿಸಿದುದು ಶೀಘ್ರಲಿಪಿಕಾರರ ಸೌಕರ್ಯಕ್ಕಾಗಿ. ಯಂತ್ರಸಹಾಯವಿಲ್ಲದೆ ನಡೆದ ಆ ಶ್ರಮಕ್ಕೆ ಯಾರಾದರೂ ತಲೆದೂಗಬೇಕು. ಇಂಗ್ಲಿಷಿನಲ್ಲಿ ಅಮೆರಿಕದ ಥಾರ್ನ್‌ಡೈಕನು 1921ರಲ್ಲಿ 10,000 ಪದಗಳ ಪಟ್ಟಿಯನ್ನು ಉಪಾಧ್ಯಾಯರಿಗಾಗಿ ಪ್ರಕಟಿಸಿದನು. ಆತನು ಎಣಿಸಿದುದು ಸುಮಾರು 45 ಲಕ್ಷ ಪದಗಳನ್ನು. ಅದರಲ್ಲಿ ಸುಮಾರು 30 ಲಕ್ಷ ಬೈಬಲ್ಲಿನಿಂದಲೂ ಪ್ರಾಚೀನ ಕವಿಗಳ ಕೃತಿಗಳಿಂದಲೂ ಬಂದವು. ಜನರು ಬರೆದ ಕಾಗದಪತ್ರಗಳಿಂದ ಬಂದದ್ದು 5 ಲಕ್ಷ. ಅಡಿಗೆ, ಹೊಲಿಗೆ, ಬೇಸಾಯ, ಕಸಬುಗಳ ಪುಸ್ತಕಗಳಿಂದ ಬಂದದ್ದು ಕೇವಲ 50 ಸಾವಿರ. ಹೀಗಿರುವಾಗ ಆ ಪಟ್ಟಿಯು ಯಾವ ಇಂಗ್ಲಿಷಿನ ಪ್ರತಿಬಿಂಬವೆಂದು ಬೇರೆ ಹೇಳಬೇಕಾಗಿಲ್ಲ. ಹೊಳೆಯ ಯಾವ ಘಟ್ಟದಲ್ಲಿ ಬಿಂದಿಗೆಯನ್ನು ಮುಳುಗಿಸಿದೆವೋ ಆ ಘಟ್ಟದ ನೀರೇ ಬಿಂದಿಗೆಯಲ್ಲಿರುವುದು.

ಇಲ್ಲಿಯೇ ಓದಿಗೂ ಬರಹಕ್ಕೂ ಇರುವ ಭೇದವು ತಲೆಯೆತ್ತುತ್ತದೆ. ಓದುವವನ ಎದುರಿಗೆ ಬರುವ ಪದಗಳನ್ನು ಪರರು ಆರಿಸಿರುತ್ತಾರೆ. ಬರೆಯುವವನು ತನ್ನ ಪದಗಳನ್ನು ತಾನೇ ಆರಿಸಬೇಕು. ಅಮೆರಿಕದವನೇ ಆದ ಅರ್ನೆಸ್ಟ್ ಹಾರ್ನನು ಈ ಭೇದವನ್ನು ಅರಿತು, ಜನರು ಬರೆಯುವಾಗ ಬಳಸುವ 10,000 ಪದಗಳ ಪಟ್ಟಿಯೊಂದನ್ನು 1926ರಲ್ಲಿ ಬೇರೆಯಾಗಿಯೇ ಪ್ರಕಟಿಸಿದನು. ನಮ್ಮ ಗೋಡೆಯ ಪಟ್ಟಿಗಳಲ್ಲಿ ಈ ವಿವೇಕದ ಸುಳಿವೂ ಇಲ್ಲ. ಓದಿನ ಪದ, ಬರಹದ ಪದ ಎರಡೂ ಒಂದೇ ಎಂದು ಭಾವಿಸಿ ಎಲ್ಲವನ್ನೂ ಕಾಗುಣಿತಸಹಿತ ಉರುಹೊಡೆಸುತ್ತಾರೆ.

ಎಣಿಕೆಯ ಫಲವಾದರೂ ಏನು? ಅಮೆರಿಕದ ಬ್ರೌನ್ ವಿಶ್ವವಿದ್ಯಾನಿಲಯದಲ್ಲಿ 1961ರಲ್ಲಿ ಅಚ್ಚಾದ ಬರಹಗಳಿಂದ 10 ಲಕ್ಷ ಪದಗಳನ್ನು ಸಂಗ್ರಹಿಸಿ, ಗಣಕಯಂತ್ರದಿಂದ ಎಣಿಸಿ, 1967ರಲ್ಲಿ ಲೆಕ್ಕವನ್ನು ಪ್ರಕಟಿಸಿದರು. ಅದರಲ್ಲಿ ‘ದಿ’ ಎಂಬ ಒಂದೇ ಪದವು ನೂರಕ್ಕೆ ಸುಮಾರು 7 ಪಾಲು. ಎರಡನೆಯದಾದ ‘ಆಫ್’ ನೂರಕ್ಕೆ 3ನ್ನು ಮೀರಿದೆ. ಅವುಗಳ ಹಿಂದೆಯೇ ‘ಅಂಡ್’, ‘ಟು’, ‘ಎ’, ‘ಇನ್’ ಬರುತ್ತವೆ. ಯಾವ ಪಟ್ಟಿಯನ್ನು ತೆಗೆದರೂ ಶಿರೋಭಾಗದಲ್ಲಿರುವವರು ಇವರೇ. ಈಗ ಈ ವಾಕ್ಯವನ್ನು ನೋಡಿ: ‘ದಿ ಬಾರ್ಕ್ ಆಫ್ ದಿ ಟ್ಯಾಮರಿಂಡ್ ವಾಸ್ ಚ್ಯೂಡ್ ಬೈ ಎ ಗೋಟ್.’ ಹತ್ತು ಪದಗಳಲ್ಲಿ ಆರು ಪಟ್ಟಿಯ ಅಗ್ರಪಂಕ್ತಿಯವು. ಆ ಆರನ್ನೂ ಬಲ್ಲ ಹುಡುಗನು ನೂರಕ್ಕೆ ಅರವತ್ತರಷ್ಟು ‘ತಿಳಿದಂತೆ’ ಲೆಕ್ಕ. ಆದರೆ ಅವನಿಗೆ ತಿಳಿದುದೇನು? ತೊಗಟೆಯೂ ಇಲ್ಲ, ಹುಣಿಸೆಯೂ ಇಲ್ಲ, ಅಗಿದುದೂ ಇಲ್ಲ, ಆಡೂ ಇಲ್ಲ. ಅದೇ ವಾಕ್ಯವು ಕನ್ನಡದಲ್ಲಿ ‘ಆಡೊಂದು ಹುಣಿಸೆಯ ತೊಗಟೆಯನ್ನು ಅಗಿಯಿತು’ ಎಂದು ನಾಲ್ಕೇ ಪದಗಳಲ್ಲಿ ಮುಗಿಯುತ್ತದೆ. ಇಂಗ್ಲಿಷಿನ ಆರು ಪದಗಳು ಎಲ್ಲಿ ಹೋದುವು? ‘ಒಂದು’ ಎಂಬುದರಲ್ಲಿ, ‘ಯ’ ಎಂಬ ಷಷ್ಠಿಯಲ್ಲಿ, ‘ಅನ್ನು’ ಎಂಬ ದ್ವಿತೀಯೆಯಲ್ಲಿ ಅಡಗಿದುವು. ‘ವಾಸ್’, ‘ಬೈ’ ಎಂಬವು ಕರ್ಮಣಿಪ್ರಯೋಗದ ಚಿಹ್ನೆಗಳಾದುದರಿಂದ ನಮ್ಮ ಕರ್ತರಿಯಲ್ಲಿ ಅವುಗಳಿಗೆ ಕೆಲಸವೇ ಉಳಿಯಲಿಲ್ಲ. ಎಂದರೆ ಇಂಗ್ಲಿಷಿನ ಬಹುಪ್ರಯುಕ್ತ ಪದಗಳಲ್ಲಿ ಮುಂದಿನ ಸಾಲಿನವು ಪದಗಳ ವೇಷದಲ್ಲಿರುವ ಪ್ರತ್ಯಯಗಳು. ಯಾಸ್ಕನ ಚತುರ್ವಿಭಾಗದಲ್ಲಿ ಅವು ನಾಮಾಖ್ಯಾತಗಳಲ್ಲ, ಉಪಸರ್ಗನಿಪಾತಗಳ ಬಳಗ. ಒಂಟಿಯಾಗಿ ನಿಂತಾಗ ಅರ್ಥವನ್ನು ಹೇಳಲಾರವು, ಮತ್ತೊಂದರೊಡನೆ ಸೇರಿದಾಗ ಅರ್ಥವನ್ನು ಬೆಳಗಿಸುತ್ತವೆ.

ಪಾಠಶಾಲೆಯಲ್ಲಿ ಅಮರವನ್ನು ಕಂಠಸ್ಥಮಾಡಿ ಬೆಳೆದ ನಮ್ಮಂಥವರಿಗೆ ಇಲ್ಲೊಂದು ಹೋಲಿಕೆ ತಾನಾಗಿ ಹೊಳೆಯುತ್ತದೆ. ಅಮರಸಿಂಹನು ಸ್ವರ್ಗದಿಂದ ಆರಂಭಿಸಿ ದಿಕ್ಕು, ಕಾಲ, ಭೂಮಿ, ಪುರ, ವನೌಷಧಿ, ಮನುಷ್ಯರೆಂದು ವಸ್ತುಗಳನ್ನು ಮೊದಲು ಹೇಳಿ, ನಾನಾರ್ಥಗಳನ್ನೂ ಅವ್ಯಯಗಳನ್ನೂ ಮೂರನೆಯ ಕಾಂಡದ ಕೊನೆಯ ಭಾಗಕ್ಕೆ ಇಟ್ಟಿರುವನು. ನಮ್ಮ ಕೇಶಿರಾಜನ ಶಬ್ದಮಣಿದರ್ಪಣದಲ್ಲಿಯೂ ಅವ್ಯಯಪ್ರಕರಣವು ಬರುವುದು ಕೊನೆಗೇ. ಚಕಾರ ತುಕಾರಗಳಿಗೆ ಪ್ರಯೋಗದಲ್ಲಿ ಬರವಿಲ್ಲವೆಂಬುದು ಅಮರನಿಗೆ ತಿಳಿಯದ ಸಂಗತಿಯಲ್ಲ. ಆದರೂ ಅವುಗಳಿಂದ ಆರಂಭಿಸಬಾರದೆಂದು ತಿಳಿದಿದ್ದನು. ಅಮರದ ಕ್ರಮವನ್ನೇ ಇಂಗ್ಲಿಷಿನ ಪಾಠಕ್ಕೆ ತರಬೇಕೆಂದು ನಮ್ಮ ವಾದವಲ್ಲ. ದೇವತೆಗಳ ಹೆಸರುಗಳಿಂದ ಇಂಗ್ಲಿಷನ್ನು ತೊಡಗಿಸಿದರೆ ಮಕ್ಕಳು ನಕ್ಕಾರು.

ನಾನಾರ್ಥದ ಮಾತು ಬಂದುದರಿಂದ ಇನ್ನೊಂದು ದೋಷವನ್ನು ಹೇಳಬೇಕು. ಎಣಿಸುವವನು ಎಣಿಸುವುದು ರೂಪವನ್ನು, ಅರ್ಥವನ್ನಲ್ಲ. ಮೇಲಿನ ವಾಕ್ಯದ ‘ಬಾರ್ಕ್’ ಮರದ ತೊಗಟೆಯೂ ಹೌದು, ನಾಯಿಯ ಬೊಗಳಿಕೆಯೂ ಹೌದು. ಥಾರ್ನ್‌ಡೈಕನ ಲೆಕ್ಕದಲ್ಲಿ ಎರಡಕ್ಕೂ ಒಂದೇ ಅಂಕ. ಈ ಕುಂದನ್ನು ಸರಿಯಾಗಿ ಕಂಡವನು ಮೈಕೇಲ್ ವೆಸ್ಟ್. ಈತನು ಢಾಕಾದ ಉಪಾಧ್ಯಾಯರ ಶಿಕ್ಷಣ ಕಾಲೇಜಿನಲ್ಲಿದ್ದು, ಬಂಗಾಳಿ ಮಕ್ಕಳ ಇಂಗ್ಲಿಷ್ ಓದನ್ನು ಕಣ್ಣಾರೆ ಕಂಡು, ದ್ವಿಭಾಷಿತ್ವವನ್ನು ಕುರಿತ ಗ್ರಂಥವನ್ನು 1926ರಲ್ಲಿ ಹೊರತಂದವನು. 1953ರಲ್ಲಿ ಆತನು ಪ್ರಕಟಿಸಿದ ಸುಮಾರು 2,000 ಪದಗಳ ಪಟ್ಟಿಯಲ್ಲಿ ಒಂದೊಂದು ಪದದ ಕೆಳಗೂ ಅದರ ಅರ್ಥಗಳನ್ನು ಬಿಡಿಸಿ, ಯಾವ ಅರ್ಥದಲ್ಲಿ ನೂರಕ್ಕೆ ಎಷ್ಟು ಸಲ ಬರುವುದೆಂದು ತೋರಿಸಲಾಗಿದೆ. ನಮ್ಮ ಮತದಲ್ಲಿ ಈ ಜಾತಿಯ ಗ್ರಂಥಗಳಲ್ಲಿ ಇದೇ ಶ್ರೇಷ್ಠವಾದುದು. ಪಾಣಿನೀಯ ಧಾತುಪಾಠದ ಧಾತುಗಳೂ ಸುಮಾರು ಇಷ್ಟೇ ಇರುವುದು ಕಾಕತಾಳೀಯವೇ ಆದರೂ ಪಂಡಿತರಿಗೆ ವಿನೋದವನ್ನುಂಟುಮಾಡೀತು. 2013ರಲ್ಲಿ ಇದರ ಸ್ಥಾನಕ್ಕೆಂದು ಹೊಸ ಪಟ್ಟಿಯೊಂದು ಬಂದಿದೆ. 27 ಕೋಟಿಗೂ ಮಿಕ್ಕ ಪದಗಳ ರಾಶಿಯಿಂದ ಆರಿಸಿದ ಸುಮಾರು 2,800 ಪದಗಳು ಅದರಲ್ಲಿವೆ. ರಾಶಿಯು ದೊಡ್ಡದಾಯಿತು, ಆದರೆ ಅರ್ಥವಿಭಾಗದ ಲೆಕ್ಕವು ಕೈಬಿಟ್ಟುಹೋಯಿತು. ಇದನ್ನು ಪ್ರಗತಿಯೆಂದು ಒಪ್ಪಲು ನಮಗೆ ಮನಸ್ಸಾಗದು.

ಎಣಿಕೆಯನ್ನೇ ಬಿಟ್ಟು ಬೇರೆ ಹಾದಿ ಹಿಡಿದವನು ಆಗ್ಡನ್. 1930ರಲ್ಲಿ ಆತನು ಹೊರತಂದ ‘ಬೇಸಿಕ್ ಇಂಗ್ಲಿಷಿ’ನಲ್ಲಿ 850 ಪದಗಳು: ವಸ್ತುವಾಚಕಗಳು 600, ಗುಣವಾಚಕಗಳು 150, ಉಳಿದ 100 ವಾಕ್ಯವನ್ನು ನಡೆಸುವ ಪದಗಳು. ಕ್ರಿಯಾಪದಗಳು ಹದಿನೆಂಟೇ. ಇಷ್ಟರಿಂದ ಏನನ್ನು ಬೇಕಾದರೂ ಹೇಳಬಹುದೆಂದು ಆತನ ಪ್ರತಿಜ್ಞೆ. ಆದರೆ ಹೊರಬಾಗಿಲಲ್ಲಿ ತಡೆದ ಕ್ರಿಯೆಗಳು ಹಿತ್ತಿಲ ಬಾಗಿಲಿನಿಂದ ಒಳಗೆ ಬಂದಿವೆ. ‘ಪುಟ್’ ಎಂದರೆ ಇಡು. ‘ಪುಟ್ ಔಟ್’ ಎಂದರೆ ನಂದಿಸು, ‘ಪುಟ್ ಆಫ್’ ಎಂದರೆ ಮುಂದಕ್ಕೆ ಹಾಕು, ‘ಪುಟ್ ಅಪ್ ವಿತ್’ ಎಂದರೆ ಸಹಿಸಿಕೊ. ಇವು ಒಂದು ಪದವೇ, ನಾಲ್ಕು ಪದಗಳೇ? ಹೃಧಾತು ಒಂದನ್ನೇ ಬಲ್ಲವನು ಆಹಾರ, ವಿಹಾರ, ಸಂಹಾರ, ಪರಿಹಾರಗಳನ್ನು ಬಲ್ಲವನಾಗುವುದಿಲ್ಲ. ಕನ್ನಡವನ್ನು ಕಲಿಯಲು ಬಂದ ಪರಭಾಷಿಕನಿಗೆ ‘ಕೈ’ ಎಂಬುದನ್ನೂ ಕೊಡು, ಬಿಡು, ಹಿಡಿ, ಹಾಕು ಎಂಬುವನ್ನೂ ಕಲಿಸಿ, ಐದೇ ಪದಗಳಾದುವೆಂದು ಹೇಳಿ ಕಳುಹಿಸಿದರೆ, ‘ಸ್ನೇಹಿತನು ಕೈಕೊಟ್ಟನು’ ಎಂಬ ಮಾತನ್ನು ಕೇಳಿ ಆತನು ಸಂತೋಷಪಟ್ಟಾನು!

ಇನ್ನು ನಮ್ಮ ಶಾಲೆಗಳ ಗೋಡೆಗಳಿಗೆ ಹೆಚ್ಚು ಸಮೀಪವಾದುದು ಡಾಲ್ಚನ ಪಟ್ಟಿ. 1936ರಲ್ಲಿ ಪ್ರಕಟವಾದ ಇದರಲ್ಲಿ 220 ಪದಗಳಿವೆ, ನಾಮಪದಗಳಿಲ್ಲ. ನಾಮಪದಗಳು 95ನ್ನು ಬೇರೆಯಾಗಿ ಕೊಟ್ಟಿದೆ. ನೋಡಿದೊಡನೆ ಗುರುತಿಸಬೇಕಾದ ಪದಗಳೆಂದು ಇವಕ್ಕೆ ಹೆಸರು. ಇದನ್ನು ಅಮೆರಿಕದ ಮಕ್ಕಳಿಗಾಗಿ ಮಾಡಿದುದೆಂಬುದನ್ನು ಮರೆಯಬಾರದು. ಆ ಮಕ್ಕಳಿಗೆ ‘ಸೆಡ್’, ‘ವಾಸ್’, ‘ಒನ್’ ಎಂಬವು ತಾಯ ಬಾಯಿಂದ ಕೇಳಿ ತಿಳಿದ ಮಾತುಗಳು. ತಿಳಿಯದುದು ಅವುಗಳ ಬರಹ. ಅಕ್ಷರಕ್ಕೂ ಉಚ್ಚಾರಣೆಗೂ ಹೊಂದಾಣಿಕೆ ತಪ್ಪಿರುವುದರಿಂದ ಅವನ್ನು ಚಿತ್ರದಂತೆ ಗುರುತಿಸಬೇಕು. ಆ ಪಟ್ಟಿ ಮಾಡುವ ಉಪಕಾರ ಅಷ್ಟೇ, ಮತ್ತು ಅದು ನಿಜವಾದ ಉಪಕಾರ. ನಮ್ಮ ಮಗುವಿಗಾದರೋ ಬರಹವೂ ಹೊಸದು, ಧ್ವನಿಯೂ ಹೊಸದು, ಅರ್ಥವೂ ಹೊಸದು. ಬರೆದಂತೆ ಓದುವ ಲಿಪಿಯಲ್ಲಿ ಅಕ್ಷರಾಭ್ಯಾಸ ಮಾಡಿದ ಅದಕ್ಕೆ ‘ಟು’ ಎಂಬ ಒಂದೇ ಧ್ವನಿಯನ್ನು ಮೂರು ಬಗೆಯಾಗಿ ಬರೆದು ಮೂರು ಅರ್ಥ ಹೇಳಬೇಕಾಗಿದೆ. ಬರಹದಲ್ಲಿ ಅತ್ಯಂತ ವಕ್ರವಾದ ಪದಗಳೇ ಅತ್ಯಂತ ಬಹುಪ್ರಯುಕ್ತವಾಗಿರುವುದು ಇಂಗ್ಲಿಷಿನ ದುರ್ದೈವ. ಓದಿನಲ್ಲಿ ಇವು ಬೇಗ ಪರಿಚಿತವಾಗುತ್ತವೆ, ಕಣ್ಣಿಗೆ ಮೇಲಿಂದ ಮೇಲೆ ಬೀಳುವುದರಿಂದ. ಬರಹಕ್ಕೆ ಮಾತ್ರ ಕೈಯನ್ನು ಪ್ರತ್ಯೇಕವಾಗಿ ಪಳಗಿಸಬೇಕು.

ಎರಡು ಸಾವಿರ ಪದಗಳಿಂದ ಓದು ಸಾಧ್ಯವಾಗುವುದೆಂಬ ಮಾತನ್ನೂ ಪರೀಕ್ಷಿಸಬಹುದು. ವೆಸ್ಟನ ಪಟ್ಟಿಯು ಸಾಮಾನ್ಯ ಗದ್ಯದಲ್ಲಿ ನೂರಕ್ಕೆ ಸುಮಾರು 80 ಪದಗಳನ್ನು ಆವರಿಸುತ್ತದೆ; ಹೊಸ ಪಟ್ಟಿಯ ಕರ್ತರು 90ನ್ನು ದಾಟುವುದೆನ್ನುತ್ತಾರೆ. ಐದಕ್ಕೊಂದಾಗಲಿ ಹತ್ತಕ್ಕೊಂದಾಗಲಿ ತಿಳಿಯದ ಪದವು ಬಂದರೆ ಓದು ಕುಂಟದೆ ನಡೆಯಲಾರದು. ನ್ಯೂಜಿಲೆಂಡಿನ ಪಾಲ್ ನೇಷನ್ ಎಂಬ ವಿದ್ವಾಂಸನು 2006ರಲ್ಲಿ ತೋರಿಸಿರುವ ಪ್ರಕಾರ, ಕಾದಂಬರಿ ವೃತ್ತಪತ್ರಿಕೆಗಳಲ್ಲಿ ನೂರಕ್ಕೆ 98 ಪದಗಳು ತಿಳಿಯಬೇಕಾದರೆ ಎಂಟೊಂಬತ್ತು ಸಾವಿರ ಪದಕುಟುಂಬಗಳು ಬೇಕು. ಕುಟುಂಬವೆಂದರೆ ಮೂಲಪದವೊಂದು, ಅದರಿಂದ ಹುಟ್ಟಿದ ರೂಪಗಳೊಡನೆ.

ಹಾಗಾದರೆ ಅಗ್ರಪಂಕ್ತಿಯ ಆ ಪದಗಳನ್ನು ಕಲಿಸುವುದೇ ಬೇಡವೇ? ಕಲಿಸಲೇಬೇಕು, ಆದರೆ ಪದಗಳನ್ನಾಗಿ ಅಲ್ಲ, ಕಾರಕಗಳನ್ನು ಕಲಿಸುವಂತೆ ಪ್ರಯೋಗಮುಖವಾಗಿ ಕಲಿಸಬೇಕು. ‘ಆಫ್’ ಎಂಬುದರ ಎದುರಿಗೆ ‘ನ, ರ, ಯ’ ಎಂದು ಬರೆದರೆ ಅದು ಷಷ್ಠಿಯೆಂದಾಯಿತು. ‘ದಿ ಡೋರ್ ಆಫ್ ದಿ ಹೌಸ್’ ಎಂಬಲ್ಲಿ ಅದು ಸರಿ: ಮನೆಯ ಬಾಗಿಲು. ‘ಎ ಕಪ್ ಆಫ್ ಮಿಲ್ಕ್’ ಎಂಬುದು ಒಂದು ಬಟ್ಟಲು ಹಾಲು. ಷಷ್ಠಿಯನ್ನು ಹಚ್ಚಿ ‘ಹಾಲಿನ ಬಟ್ಟಲು’ ಎಂದರೆ ಅದು ಬರಿದಾಗಿದ್ದರೂ ಇದ್ದೀತು. ‘ದಿ ಸಿಟಿ ಆಫ್ ಮೈಸೂರು’ ಎಂಬಲ್ಲಿ ಸಾಮಾನಾಧಿಕರಣ್ಯ: ಮೈಸೂರು ನಗರ. ‘ಅಫ್ರೇಡ್ ಆಫ್ ಸ್ನೇಕ್ಸ್’ ಎಂಬುದಕ್ಕೆ ನಾವು ಹಾವಿಗೆ ಹೆದರುತ್ತೇವೆ, ಚತುರ್ಥಿ. ಸಂಸ್ಕೃತದಲ್ಲಿ ಭಯಹೇತುವಾದುದರಿಂದ ಪಂಚಮಿ. ‘ಮೇಡ್ ಆಫ್ ವುಡ್’ ಮರದಿಂದ ಮಾಡಿದುದು. ‘ಒನ್ ಆಫ್ ದೆಮ್’ ಅವರಲ್ಲೊಬ್ಬ, ನಿರ್ಧಾರಣೆಯ ಸಪ್ತಮಿ. ಈ ಆರು ವಾಕ್ಯಖಂಡಗಳನ್ನು ಎದುರಿಗಿಟ್ಟು ಕಲಿಸಲು ಒಂದು ಗಂಟೆ ಸಾಕು. ‘ಆಫ್, ಆಫ್’ ಎಂದು ಉರುಹೊಡೆಸಿದರೆ ಒಂದು ವರ್ಷವೂ ಸಾಲದು.

‘ದಿ’ ಎಂಬುದಕ್ಕೆ ಕನ್ನಡದಲ್ಲಿ ಪದವೇ ಇಲ್ಲವೆಂದು ಉಪಾಧ್ಯಾಯರು ಕೈಚೆಲ್ಲುವುದುಂಟು. ಕೆಲವರು ‘ಆ’ ಎಂದು ಬರೆಸುತ್ತಾರೆ, ಮಕ್ಕಳು ‘ಆ ಸೂರ್ಯನು ಉದಯಿಸಿದನು’ ಎಂದು ಅರ್ಥ ಹೇಳುತ್ತಾರೆ. ಪದವಿಲ್ಲ, ಆದರೆ ಭಾವವುಂಟು. ‘ನಾನು ಪುಸ್ತಕ ಓದಿದೆ’ ಎಂದರೆ ಯಾವುದೋ ಪುಸ್ತಕ. ‘ನಾನು ಪುಸ್ತಕವನ್ನು ಓದಿದೆ’ ಎಂದರೆ ಮಾತನಾಡುವವನಿಗೂ ಕೇಳುವವನಿಗೂ ಗೊತ್ತಿರುವ ಪುಸ್ತಕವೆಂಬ ಧ್ವನಿ ಸಾಮಾನ್ಯವಾಗಿ ಬರುತ್ತದೆ. ಕರ್ಮದಲ್ಲಿ ವಿಭಕ್ತಿ ಮಾಡುವ ಕೆಲಸವನ್ನು ಕರ್ತೃವಿನಲ್ಲಿ ಪದಕ್ರಮವು ಮಾಡುತ್ತದೆ. ‘ಅಂಗಳದಲ್ಲಿ ಹಸು ನಿಂತಿದೆ’ ಎಂದರೆ ಯಾರದೋ ಹಸು ಬಂದು ನಿಂತಿದೆ. ‘ಹಸು ಅಂಗಳದಲ್ಲಿ ನಿಂತಿದೆ’ ಎಂದರೆ ನಮ್ಮ ಮನೆಯ, ಇಷ್ಟು ಹೊತ್ತು ಹುಡುಕುತ್ತಿದ್ದ ಹಸು. ಇವೆರಡರಲ್ಲಿ ಯಾವ ಹಸುವಿಗೆ ‘ಎ’, ಯಾವುದಕ್ಕೆ ‘ದಿ’ ಎಂಬುದನ್ನು ಹಳ್ಳಿಯ ಹುಡುಗನು ಒಮ್ಮೆ ತೋರಿಸಿಕೊಟ್ಟರೆ ತಪ್ಪದೆ ಹೇಳಬಲ್ಲನು.