ನವೀನ ಕಾದಂಬರಿಗಳಲ್ಲಿ ಪ್ರಭೇದವೂ ಔಚಿತ್ಯವೂ

ಗದ್ಯಕಾವ್ಯವನ್ನು ಕಥೆ, ಆಖ್ಯಾಯಿಕೆ ಎಂದು ವಿಭಾಗಿಸಿ ಭಾಮಹನು ಅವೆರಡಕ್ಕೂ ಬೇರೆಬೇರೆ ಲಕ್ಷಣಗಳನ್ನು ಹೇಳಿದನು. ನಾಯಕನು ತನ್ನ ವೃತ್ತಾಂತವನ್ನು ತಾನೇ ಹೇಳಿದರೆ ಆಖ್ಯಾಯಿಕೆ, ಅನ್ಯರು ಹೇಳಿದರೆ ಕಥೆ ಎಂಬುದು ಆ ಲಕ್ಷಣಗಳಲ್ಲಿ ಒಂದು. ದಂಡಿಯು ಇದನ್ನೊಪ್ಪದೆ, ಹೇಳುವವನು ಯಾರಾದರೇನು, ಜಾತಿ ಒಂದೇ, ಹೆಸರು ಮಾತ್ರ ಎರಡು ಎಂದು ಕಾವ್ಯಾದರ್ಶದಲ್ಲಿ ತೀರ್ಮಾನಿಸಿದನು. ಬಾಣನ ಕೃತಿಯ ಹೆಸರನ್ನೇ ಗದ್ಯಕಥೆಗೆಲ್ಲ ಸಾಮಾನ್ಯನಾಮವಾಗಿ ಮಾಡಿಕೊಂಡಿರುವ ಕನ್ನಡದಲ್ಲಿ ಈ ಹಳೆಯ ವಿವಾದವು ಹೊಸ ರೂಪದಿಂದ ತಲೆದೋರಿದೆ. ಕಾದಂಬರಿಗಳನ್ನು ಪೌರಾಣಿಕ, ಐತಿಹಾಸಿಕ, ವೈಜ್ಞಾನಿಕ, ಪತ್ತೇದಾರಿ, ಸಾಮಾಜಿಕ ಎಂದು ವಿಂಗಡಿಸುವುದಷ್ಟೇ ಅಲ್ಲದೆ, ಅವುಗಳಲ್ಲಿ ಪಂಕ್ತಿಭೇದವನ್ನೂ ಮಾಡುವುದು ರೂಢಿಯಾಗಿದೆ. ಸಾಮಾಜಿಕವಾದುದು ಘನ, ಪತ್ತೇದಾರಿಯಾದುದು ಹಗುರ ಎಂಬ ಎಣಿಕೆಯು ವಿದ್ಯಾಲಯಗಳಲ್ಲಿಯೂ ಬೇರೂರಿದೆ.

ಈ ವಿಚಾರವು ಕೇವಲ ಪಂಡಿತರ ವಿನೋದಕ್ಕೆ ಸೇರಿದುದಲ್ಲ. ಯಾವ ಗ್ರಂಥವನ್ನು ವಿದ್ಯಾರ್ಥಿಯ ಕೈಗೆ ಕೊಡಬೇಕು, ಅದರಲ್ಲಿ ಏನನ್ನು ನೋಡೆಂದು ಹೇಳಬೇಕು ಎಂಬುದು ಅಧ್ಯಾಪಕರಿಗೆ ನಿತ್ಯದ ತೊಡಕು. ಆಲೂರು ಸಕಲೇಶಪುರಗಳ ಮಲೆಸೀಮೆಯಲ್ಲಿ, ಮಗ್ಗೆಯಂತಹ ಊರುಗಳಲ್ಲಿ, ಅಧ್ಯಾಪಕನು ಆರಿಸಿಕೊಟ್ಟ ನಾಲ್ಕು ಪುಸ್ತಕಗಳೇ ಎಷ್ಟೋ ವೇಳೆ ಬಾಲಕನ ಪಾಲಿಗೆ ಕನ್ನಡ ಸಾಹಿತ್ಯವೆಲ್ಲವೂ ಆಗುತ್ತವೆ.

ಧನಂಜಯನು ದಶರೂಪಕದಲ್ಲಿ ಕಥಾವಸ್ತುವನ್ನು ಪ್ರಖ್ಯಾತ, ಉತ್ಪಾದ್ಯ, ಮಿಶ್ರ ಎಂದು ಮೂರಾಗಿ ಗಣಿಸಿರುವನಷ್ಟೆ. ಇತಿಹಾಸಾದಿಗಳಿಂದ ಬಂದುದು ಪ್ರಖ್ಯಾತ, ಕವಿಕಲ್ಪಿತವಾದುದು ಉತ್ಪಾದ್ಯ, ಎರಡರ ಸಂಕರವು ಮಿಶ್ರ. ರೂಪಕಗಳಿಗೆ ಹೇಳಿದ ಈ ವಿಭಾಗವು ಕಾದಂಬರಿಗೂ ಸಲ್ಲತಕ್ಕದ್ದೇ. ಆದರೆ ವಸ್ತು ಎಲ್ಲಿಂದ ಬಂತೆಂಬುದರಿಂದ ಕೃತಿಯ ಕುಲವು ತಿಳಿದೀತೇ ಹೊರತು ಗುಣವು ತಿಳಿಯದು. ಬಂದ ವಸ್ತುವು ರಸಕ್ಕೆ ಅಂಗವಾಯಿತೇ ಎಂಬ ಔಚಿತ್ಯವಿಚಾರವೊಂದೇ ಗುಣಪರೀಕ್ಷೆ. ಇತ್ತೀಚಿನ ಕೆಲವು ಕಾದಂಬರಿಗಳನ್ನು ಈ ಒರೆಗಲ್ಲಿಗೆ ತಿಕ್ಕಿ ನೋಡಬಹುದಾಗಿದೆ.

ಪ್ರಖ್ಯಾತವಸ್ತುವಿಗೆ ಉದಾಹರಣೆ, ಹಾಸನ ಜಿಲ್ಲೆಯವರೇ ಆದ, 2025ರಲ್ಲಿ ದಿವಂಗತರಾದ ಶ್ರೀ ಎಸ್. ಎಲ್. ಭೈರಪ್ಪನವರ ‘ಉತ್ತರಕಾಂಡ’ (2017). ರಾಮಾಯಣದಂತಹ ಸಿದ್ಧರಸಪ್ರಬಂಧಗಳಲ್ಲಿ ರಸವಿರೋಧಿಯಾದ ಸ್ವೇಚ್ಛಾಕಲ್ಪನೆ ಕೂಡದೆಂದು ಆನಂದವರ್ಧನನು ವಿಧಿಸಿದ್ದಾನೆ; ರಾಮಾಯಣದ ಅಂಗಿರಸವು ಕರುಣವೆಂದೂ ಅವನೇ ಹೇಳಿದ್ದಾನೆ. ಸೀತೆಯ ದೃಷ್ಟಿಯಿಂದ ಕಥೆಯನ್ನು ನಡೆಸಿ, ಅತಿಮಾನುಷಾಂಶಗಳನ್ನು ತೊರೆದ ಮಾತ್ರಕ್ಕೆ ಈ ಕೃತಿಯಲ್ಲಿ ಆ ವಿಧಿಯು ಭಂಗವಾಗಿಲ್ಲ. ತ್ಯಕ್ತೆಯಾದ ಸೀತೆಯ ದಿನಚರಿಯು ನಿರಾಡಂಬರವಾಗಿ ಸಾಗುವೆಡೆಗಳಲ್ಲಿ ಕರುಣವು ಮೊದಲಿಗಿಂತ ಸಮೀಪಕ್ಕೆ ಬಂದಿದೆ. ದೋಷವಿರುವುದು ಶೋಕವು ವಾದವಾಗಿ ತಿರುಗುವ ಸ್ಥಳಗಳಲ್ಲಿ. ಅಲ್ಲಿ ಸೀತೆಯು ಮರೆಯಾಗಿ ಪೂರ್ವಪಕ್ಷ ಸಿದ್ಧಾಂತಗಳು ಮಾತ್ರ ಉಳಿಯುತ್ತವೆ.

ಶ್ರೀ ವಸುಧೇಂದ್ರರ ‘ತೇಜೋ ತುಂಗಭದ್ರಾ’ (2019) ಮಿಶ್ರವಸ್ತುವಿನದು. ಲಿಸ್ಬನ್ ನಗರದ ತೇಜೋ ನದಿಯೊಂದು, ವಿಜಯನಗರಸೀಮೆಯ ತುಂಗಭದ್ರೆಯೊಂದು. ಅತ್ತ ಗೇಬ್ರಿಯಲ್ ಮತ್ತು ಯಹೂದಿ ಕನ್ಯೆ ಬೆಲ್ಲಾ, ಇತ್ತ ಕೇಶವ ಹಂಪಮ್ಮರು. ಪೋರ್ಚುಗಲ್ ದೇಶದಲ್ಲಿ 1497ರಲ್ಲಿ ಯಹೂದ್ಯರು ಬಲಾತ್ಕಾರವಾಗಿ ಮತಾಂತರ ಹೊಂದಬೇಕಾದದ್ದೂ, 1510ರಲ್ಲಿ ಗೋವೆಯು ಪೋರ್ಚುಗೀಸರ ವಶವಾದದ್ದೂ ಚರಿತ್ರೆ. ಈ ಪ್ರೇಮಿಗಳ ಸುಖದುಃಖಗಳು ಕಲ್ಪನೆ. ಒಂದು ತೀರದಲ್ಲಿ ಮತದ ಹೆಸರಿನಿಂದ, ಇನ್ನೊಂದು ತೀರದಲ್ಲಿ ಸಹಗಮನ, ಲೆಂಕತನಗಳ ಹೆಸರಿನಿಂದ ಎಳೆಯ ಜೀವಗಳು ಬಲಿಯಾಗುವುದನ್ನು ಎದುರುಬದುರಾಗಿ ನಿಲ್ಲಿಸಿರುವುದರಿಂದ ಚರಿತ್ರೆಯು ಇಲ್ಲಿ ಅಲಂಕಾರವಾಗದೆ ಕರುಣಕ್ಕೆ ವಿಭಾವವಾಗಿದೆ. ಲೆಂಕರ ಆತ್ಮಾರ್ಪಣೆಯು ಹಾಸನ ಸೀಮೆಗೆ ಅಪರಿಚಿತವಲ್ಲ. ಹಳೇಬೀಡಿನ ಹೊಯ್ಸಳೇಶ್ವರ ದೇವಾಲಯದ ಬಳಿಯಿರುವ ಕುವರ ಲಕ್ಷ್ಮನ ಶಾಸನಸ್ತಂಭವು, ಇಮ್ಮಡಿ ವೀರಬಲ್ಲಾಳನಿಗಾಗಿ ಅವನೂ ಅವನ ಪತ್ನಿಯೂ ಲೆಂಕರೂ ಪ್ರಾಣಾರ್ಪಣೆ ಮಾಡಿದುದನ್ನು ಕೀರ್ತಿಸುತ್ತದೆ. ಶಾಸನವು ವೀರವೆಂದು ಕಂಡುದನ್ನು ಕಾದಂಬರಿಯು ಕರುಣವೆಂದು ಕಂಡಿದೆ. ಈ ರಸಾಂತರವೇ ಗ್ರಂಥಕರ್ತರ ನಿಜವಾದ ಸೃಷ್ಟಿ. ಆದರೆ ಘಟನೆಗಳ ಮೇಲೆ ಘಟನೆಗಳು ಒದಗಿ ಬರುವ ವೇಗದಲ್ಲಿ, ಒಂದು ಶೋಕವು ಸ್ಥಾಯಿಯಾಗಿ ನೆಲೆಗೊಳ್ಳುವ ಮೊದಲೇ ಮತ್ತೊಂದು ಪ್ರವೇಶಿಸುವುದು ಕೊರತೆಯೇ ಸರಿ.

ಶಾಸ್ತ್ರಭಾರವುಳ್ಳ ಉತ್ಪಾದ್ಯವಸ್ತುವಿಗೆ ಭೈರಪ್ಪನವರದೇ ‘ಯಾನ’ (2014) ನಿದರ್ಶನ. ಸೌರಮಂಡಲದಾಚೆಗೆ ಹೊರಟ ನೌಕೆಯಲ್ಲಿ ಹುಟ್ಟಿ, ಭೂಮಿಯನ್ನೇ ಕಾಣದೆ ಬೆಳೆದ ಮಕ್ಕಳು ತಂದೆತಾಯಿಗಳ ಬರಹದಿಂದ ತಮ್ಮ ಮೂಲವನ್ನು ತಿಳಿಯುವ ಸನ್ನಿವೇಶವು ಅದ್ಭುತಕ್ಕೆ ತಕ್ಕುದಾದರೂ, ಧರ್ಮಜಿಜ್ಞಾಸೆಯು ಅದನ್ನು ಆಗಾಗ ನುಂಗುತ್ತದೆ. ಶ್ರೀ ಕೆ. ಎನ್. ಗಣೇಶಯ್ಯನವರು ಕಥೆಗಳಿಗೆ ಆಧಾರಗ್ರಂಥಗಳನ್ನೂ ಸೂಚಿಸುವ ಪದ್ಧತಿಯವರು. ಹೊಯ್ಸಳಶಿಲ್ಪಗಳಲ್ಲಿ ಮುಸುಕಿನ ಜೋಳವನ್ನು ಕಾಣುವ ‘ಕನಕ ಮುಸುಕು’ ಕುತೂಹಲವನ್ನು ಕೆರಳಿಸುವುದರಲ್ಲಿ ಸಮರ್ಥವಾದುದು. ಆದರೆ ಕುತೂಹಲವು ಉತ್ತರ ದೊರೆತೊಡನೆ ಶಮಿಸುವಂತಹುದು, ರಸವಾದರೋ ಪುನಃಪಠನದಿಂದ ಬೆಳೆಯುವಂತಹುದು.

ಶ್ರೀ ವಿವೇಕ ಶಾನಭಾಗರ ‘ಸಕೀನಾಳ ಮುತ್ತು’ (2021) ಪಂಕ್ತಿಭೇದವನ್ನೇ ವ್ಯರ್ಥಗೊಳಿಸುತ್ತದೆ. ಮಗಳನ್ನು ಕೇಳಿಕೊಂಡು ಅಪರಿಚಿತ ಯುವಕರು ಬಾಗಿಲಿಗೆ ಬರುತ್ತಾರೆ; ಮಗಳೆಲ್ಲಿ ಎಂಬ ಪ್ರಶ್ನೆಯು ಗೃಹಸ್ಥನನ್ನು ಕಾಡತೊಡಗುತ್ತದೆ. ಪ್ರಾರಂಭವು ಪತ್ತೇದಾರಿಯದು, ಶರೀರವು ಸಾಮಾಜಿಕದ್ದು, ನಿರೂಪಣೆಯು ಭಾಮಹನ ಆಖ್ಯಾಯಿಕೆಯಂತೆ ನಾಯಕನದೇ. ರಹಸ್ಯಗಳೆಲ್ಲ ಬಿಡಿಸಲ್ಪಡದಿರುವುದರಿಂದ ನಿರ್ವಹಣಸಂಧಿಯೇ ಇಲ್ಲವೆಂದು ಲಾಕ್ಷಣಿಕರು ಆಕ್ಷೇಪಿಸಬಹುದು. ಸಮಾಧಾನವೇನೆಂದರೆ, ಇಲ್ಲಿ ಪತ್ತೆಯಾಗಬೇಕಾದವಳು ಮಗಳಲ್ಲ, ತಂದೆ. ತನ್ನನ್ನು ಸಜ್ಜನನೆಂದು ನಂಬಿದವನ ಮಾತಿನೊಳಗಿಂದಲೇ ಅವನ ಅಧಿಕಾರಲೋಭವೂ ಭಯವೂ ಧ್ವನಿತವಾಗುತ್ತವೆ. ವಾಚ್ಯದಲ್ಲಿ ಕಾಣದ ನಿರ್ವಹಣವು ವ್ಯಂಗ್ಯದಲ್ಲಿ ನೆರವೇರಿದೆ. ಹೆಸರಿಸಿದ ಕೃತಿಗಳಲ್ಲಿ ಅಂಗಾಂಗಿಭಾವವು ಅತ್ಯಂತ ನಿರ್ದುಷ್ಟವಾಗಿರುವುದು ಇದರಲ್ಲಿಯೇ.

ಮಲೆಸೀಮೆಗೆ ಈ ವಿಚಾರದಿಂದ ಆಗುವ ಪ್ರಯೋಜನವೂ ಉಂಟು. ಸಕಲೇಶಪುರದ ನೆರೆಯ ಮೂಡಿಗೆರೆಯಲ್ಲಿ ನೆಲಸಿದ್ದ ಶ್ರೀ ಪೂರ್ಣಚಂದ್ರ ತೇಜಸ್ವಿಯವರು ‘ಕರ್ವಾಲೊ’ (1980) ಕಾದಂಬರಿಯಲ್ಲಿ ಹಾರುವ ಓತಿಯ ಅನ್ವೇಷಣೆಯನ್ನು ವಿಸ್ಮಯದಲ್ಲಿ ನಿಲ್ಲಿಸಿ, ಪ್ರಾಣಿಶಾಸ್ತ್ರವನ್ನು ಅದ್ಭುತರಸಕ್ಕೆ ಅಂಗವಾಗಿಸಿದರು. ಸಕಲೇಶಪುರದ ಶ್ರೀ ಗಿರಿಮನೆ ಶ್ಯಾಮರಾವ್ ಅವರ ಮಲೆನಾಡಿನ ರೋಚಕ ಕಥೆಗಳು ಹೊಸ ವಾಚಕರನ್ನು ಸಂಪಾದಿಸಿವೆ. ಆದರೂ ಕಾಫಿತೋಟಗಳೊಳಗೆ ಮನುಷ್ಯರಿಗೂ ಕಾಡಾನೆಗಳಿಗೂ ನಡೆದಿರುವ ಕಲಹವು ತನಗೆ ತಕ್ಕ ಮಹಾಪ್ರಬಂಧವನ್ನು ಇನ್ನೂ ಬೇಡುತ್ತಿದೆ. ದಸರೆಯಲ್ಲಿ ಚಿನ್ನದ ಅಂಬಾರಿ ಹೊತ್ತ ಅರ್ಜುನನು, ಸಕಲೇಶಪುರ ತಾಲ್ಲೂಕಿನ ಯಸಳೂರು ವಲಯದಲ್ಲಿ 2023ರ ಡಿಸೆಂಬರ್ 4ರಂದು ಕಾಡಾನೆ ಹಿಡಿಯುವ ಕಾರ್ಯದಲ್ಲಿ ಒಂಟಿ ಸಲಗದೊಡನೆ ಕಾದಾಡಿ ಮಡಿದನು. ಇದರಲ್ಲಿ ವೀರ, ಭಯಾನಕ, ಕರುಣಗಳು ಮೂರೂ ಇವೆ. ಯಾವುದು ಅಂಗಿ, ಯಾವುವು ಅಂಗಗಳು ಎಂಬುದನ್ನು ಮುಂದಿನ ಕವಿಯು ನಿಶ್ಚಯಿಸಬೇಕು. ಅವನು ಅದನ್ನು ಪತ್ತೇದಾರಿಯಾಗಿ ಬರೆದಾನೋ, ವೈಜ್ಞಾನಿಕವಾಗಿ ಬರೆದಾನೋ, ಅದು ಗೌಣ. ಅಧ್ಯಾಪಕರು ಮುಖಪುಟದ ಹೆಸರನ್ನು ನೋಡಿ ಅದನ್ನು ಹೊರಗಿಡದಿದ್ದರೆ ಸಾಕು.