ಪರರ ಪರವಾಗಿ ನುಡಿಯುವ ವಿದ್ಯೆ

ವಿದ್ಯಾರ್ಥಿಗಳು ರಾಷ್ಟ್ರಗಳ ಪ್ರತಿನಿಧಿಗಳಾಗಿ ಕುಳಿತು, ಜಗತ್ತಿನ ವಿವಾದಗಳನ್ನು ಕುರಿತು ವಾದಿಸಿ, ನಿರ್ಣಯಗಳನ್ನು ರಚಿಸುವ ಮಾದರಿ ವಿಶ್ವಸಂಸ್ಥೆಯ ಸಮ್ಮೇಳನಗಳು ಇಂದು ನಮ್ಮ ನಗರಗಳಲ್ಲಿ, ವಿಶೇಷತಃ ಬೆಂಗಳೂರಿನ ಶಾಲಾ ಕಾಲೇಜುಗಳಲ್ಲಿ, ಮೇಲಿಂದ ಮೇಲೆ ಸೇರುತ್ತಿವೆ. ಪದ್ಧತಿಯೇನೋ ಹಳೆಯದು. ವಿಶ್ವಸಂಸ್ಥೆ ಹುಟ್ಟುವುದಕ್ಕೆ ಮೊದಲೇ, 1920ರ ದಶಕದಲ್ಲಿ, ಅಮೆರಿಕದ ವಿಶ್ವವಿದ್ಯಾನಿಲಯಗಳಲ್ಲಿ ಅಂದಿನ ರಾಷ್ಟ್ರಸಂಘದ ಅನುಕರಣಸಭೆಗಳು ನಡೆಯುತ್ತಿದ್ದವು. ಹಾರ್ವರ್ಡಿನ ರಾಷ್ಟ್ರೀಯ ಸಮ್ಮೇಳನ 1955ರಿಂದಲೂ, ನೆದರ್ಲೆಂಡ್ಸಿನ ಹೇಗ್ ನಗರದ ಅಂತರರಾಷ್ಟ್ರೀಯ ಸಮ್ಮೇಳನ 1968ರಿಂದಲೂ ನಡೆದುಬಂದಿವೆ. ಸಮಿತಿಗಳ ವಾಗ್ವಾದವೇ ಇವುಗಳಲ್ಲಿ ಎಲ್ಲರ ಕಣ್ಣಿಗೆ ಬೀಳುವ ಭಾಗವಾದರೂ, ಆ ವಾಗ್ವಾದಕ್ಕೆ ಮುನ್ನ ಮತ್ತು ಅದರ ನಡುವೆ ಏರ್ಪಡುವ ಉಪನ್ಯಾಸಗಳಲ್ಲಿ, ಕಾರ್ಯಾಗಾರಗಳಲ್ಲಿ, ವಿದ್ಯಾರ್ಥಿಯ ಮನಸ್ಸಿಗೆ ಯಾವ ಆದರ್ಶವನ್ನು ಇಡಲಾಗುತ್ತದೆಯೋ ಅದನ್ನೇ ಅವನು ಸಮಿತಿಯಲ್ಲಿ ಆಚರಿಸಿ ತೋರಿಸುತ್ತಾನಾದ್ದರಿಂದ, ಈ ಸಮ್ಮೇಳನಗಳ ಗುಣವನ್ನಾಗಲಿ ದೋಷವನ್ನಾಗಲಿ ಅರಸಬೇಕಾದ ಸ್ಥಾನ ಆ ಉಪನ್ಯಾಸ ಕಾರ್ಯಾಗಾರಗಳೇ ಎಂಬುದು ನನ್ನ ಅಭಿಪ್ರಾಯ.

ಮೊದಲು ಕಾರ್ಯಾಗಾರಗಳ ವಿಷಯ. ಸಮ್ಮೇಳನದ ಹಿಂದಿನ ದಿನವೋ ಮೊದಲ ದಿನದ ಬೆಳಗ್ಗೆಯೋ ಕೆಲವು ಗಂಟೆಗಳ ಕಾಲ ನಡೆಯುವ ಈ ಶಿಕ್ಷಣದಲ್ಲಿ ಹೊಸಬರಿಗೆ ಹೇಳಿಕೊಡುವುದು ಸಾಮಾನ್ಯವಾಗಿ ಇಷ್ಟು: ದೇಶದ ಹೆಸರಿನ ಪ್ಲಕಾರ್ಡನ್ನು ಯಾವಾಗ ಎತ್ತತಕ್ಕದ್ದು, ಸ್ಪೀಕರ್ಸ್ ಲಿಸ್ಟಿಗೆ ಸೇರುವುದು ಹೇಗೆ, ಅಧ್ಯಕ್ಷರು ಒಬ್ಬೊಬ್ಬರನ್ನೇ ಕರೆದು ಮಾತನಾಡಿಸುವ ಮಾಡರೇಟೆಡ್ ಕಾಕಸ್ ಯಾವುದು, ಅನ್‌ಮಾಡರೇಟೆಡ್ ಕಾಕಸ್ ಯಾವುದು, ಪಾಯಿಂಟ್ ಆಫ್ ಆರ್ಡರ್ ಎತ್ತಲು ಎಂಥ ಕಾರಣ ಬೇಕು, ನಿರ್ಣಯದ ಪೀಠಿಕೆಯ ವಾಕ್ಯಗಳು ಹೇಗೆ ಆರಂಭವಾಗಬೇಕು, ಕಾರ್ಯಭಾಗದ ವಾಕ್ಯಗಳು ಹೇಗೆ ಆರಂಭವಾಗಬೇಕು. ಇದರೊಡನೆ ಭಾಷಣಕಲೆಯ ಒಂದು ಪಾಠವೂ ಇರುತ್ತದೆ. ಇದರ ಪ್ರಯೋಜನವನ್ನು ನಾನು ಅಲ್ಲಗಳೆಯಲಾರೆ. ತರಗತಿಯಲ್ಲಿ ಹೆಸರು ಕರೆದರೆ ಎದ್ದು ನಿಲ್ಲಲು ಸಂಕೋಚಪಡುತ್ತಿದ್ದ ಹುಡುಗಿಯೊಬ್ಬಳು ನೂರು ಜನರ ಮುಂದೆ ಧ್ವನಿವರ್ಧಕದೆದುರು ಒಂದೂವರೆ ನಿಮಿಷ ನಿಂತು, ತನಗೆ ಅದುವರೆಗೆ ಭೂಪಟದಲ್ಲಿಯೂ ಗೊತ್ತಿರದ ದೇಶವೊಂದರ ನೀರಿನ ಬವಣೆಯನ್ನು ವಿವರಿಸಿ ಕುಳಿತಾಗ ಆಕೆಯ ಮುಖದಲ್ಲಿ ಕಾಣುವ ಧೈರ್ಯ ಯಾವ ಪಠ್ಯಕ್ರಮದಿಂದಲೂ ಸುಲಭವಾಗಿ ಬರುವಂಥದಲ್ಲ. ಅಷ್ಟನ್ನು ಸಾಧಿಸಿದ ಶಿಕ್ಷಣವನ್ನು ಗೌರವದಿಂದಲೇ ಕಾಣಬೇಕು.

ಆದರೆ ಈ ನಿಯಮಾವಳಿಗೂ ವಿಶ್ವಸಂಸ್ಥೆಯ ನಡೆವಳಿಕೆಗೂ ಇರುವ ಸಂಬಂಧ ಶಿಥಿಲವಾದದ್ದು. ಹೆನ್ರಿ ರಾಬರ್ಟ್ ಎಂಬ ಅಮೆರಿಕದ ಸೈನ್ಯಾಧಿಕಾರಿ 1876ರಲ್ಲಿ ಪ್ರಕಟಿಸಿದ ಸಭಾನಿಯಮಗಳ ಪುಸ್ತಕ ಆ ದೇಶದ ಸಂಘಸಂಸ್ಥೆಗಳಿಗೆಲ್ಲ ಮಾರ್ಗದರ್ಶಿಯಾಗಿ, ಅಲ್ಲಿಂದ ವಿದ್ಯಾರ್ಥಿಗಳ ಸಭೆಗಳಿಗೂ ಇಳಿದುಬಂದಿತು. ಮಾಡರೇಟೆಡ್ ಕಾಕಸ್ ಎಂಬ ಏರ್ಪಾಡು ವಿಶ್ವಸಂಸ್ಥೆಯ ಮಹಾಸಭೆಯ ನಿಯಮಗಳಲ್ಲಿ ಇಲ್ಲವೇ ಇಲ್ಲ. ಅಲ್ಲಿ ಕರಡನ್ನು ಮುಂದಿಟ್ಟುಕೊಂಡು, ಒಪ್ಪಿಗೆಯಾಗದ ಪದಗಳನ್ನು ಚೌಕ ಆವರಣಗಳಲ್ಲಿ ಬಂಧಿಸಿ, ಸಾಲುಸಾಲಾಗಿ ಓದುತ್ತ, ಬಾಗಿಲು ಮುಚ್ಚಿದ ಕೊಠಡಿಗಳಲ್ಲಿ ನಡೆಯುವ ಅನೌಪಚಾರಿಕ ಸಮಾಲೋಚನೆಯೇ ನಿಜವಾದ ಕೆಲಸ. ಮಹಾಸಭೆಯ ನಿರ್ಣಯಗಳಲ್ಲಿ ಬಹುಪಾಲು ಮತಗಣನೆಯಿಲ್ಲದೆಯೇ, ಸರ್ವಸಮ್ಮತಿಯಿಂದ ಅಂಗೀಕೃತವಾಗುವಂಥವು. ಈ ಅಂತರವನ್ನು ಕಂಡು ವಿಶ್ವಸಂಸ್ಥೆಯೇ ವಿದ್ಯಾರ್ಥಿಗಳಿಗಾಗಿ ಮಾರ್ಗದರ್ಶಕ ಗ್ರಂಥವೊಂದನ್ನು ಹೊರತಂದಿದೆ, ಸರ್ವಸಮ್ಮತಿಯ ಕ್ರಮವನ್ನು ಕಲಿಸುವ ಕಾರ್ಯಾಗಾರಗಳನ್ನೂ ನಡೆಸಿದೆ. ಆದರೂ ನಾನು ಕಂಡ ಕಾರ್ಯಾಗಾರಗಳಲ್ಲಿ ಆ ಗ್ರಂಥ ಮೇಜಿನ ಮೇಲೆ ಬಂದದ್ದು ವಿರಳ. ನಿಯಮಗಳಲ್ಲಿ ನಿಪುಣನಾದವನು ನಿಯಮ ತಿಳಿಯದವನ ಬಾಯಿ ಮುಚ್ಚಿಸಬಲ್ಲನೆಂಬ ತಿಳಿವಳಿಕೆಯನ್ನೇ ಮಕ್ಕಳು ಅಲ್ಲಿಂದ ಮನೆಗೆ ಒಯ್ಯುತ್ತಾರೆ.

ಇದಕ್ಕಿಂತ ದೊಡ್ಡ ಕೊರತೆ ಬೇರೊಂದಿದೆ. ಅದನ್ನು ಹೇಳಲು ನಮ್ಮ ಕರಾವಳಿಯವರೊಬ್ಬರ ನಡತೆಗಿಂತ ಉತ್ತಮವಾದ ನಿದರ್ಶನ ನನಗೆ ತೋರದು. 1887ರಲ್ಲಿ ಮಂಗಳೂರಿನಲ್ಲಿ ಹುಟ್ಟಿ, ಸಂವಿಧಾನ ಸಭೆಯ ಸಲಹೆಗಾರರಾಗಿ ನಮ್ಮ ಸಂವಿಧಾನದ ಮೊದಲ ಕರಡನ್ನು ಸಿದ್ಧಪಡಿಸಿದ ಬೆನಗಲ್ ನರಸಿಂಗರಾಯರು 1950ರ ಜೂನ್ ತಿಂಗಳಲ್ಲಿ ಭದ್ರತಾ ಮಂಡಳಿಯಲ್ಲಿ ಭಾರತದ ಪ್ರತಿನಿಧಿಯಾಗಿದ್ದರು. ಆ ತಿಂಗಳ ಅಧ್ಯಕ್ಷಪೀಠವೂ ಸರದಿಯಂತೆ ಅವರದೇ ಆಗಿತ್ತು. ಕೊರಿಯಾದಲ್ಲಿ ಯುದ್ಧ ಸಿಡಿದ 25ನೆಯ ತಾರೀಖು ಆಕ್ರಮಣವನ್ನು ನಿಲ್ಲಿಸಬೇಕೆಂಬ ನಿರ್ಣಯಕ್ಕೆ ಭಾರತ ಮತವಿತ್ತಿತು. ಎರಡು ದಿನಗಳ ಅನಂತರ, ದಕ್ಷಿಣ ಕೊರಿಯಾಕ್ಕೆ ಸದಸ್ಯರಾಷ್ಟ್ರಗಳು ನೆರವು ನೀಡಬೇಕೆಂಬ ಗುರುತರವಾದ ನಿರ್ಣಯ ಬಂದಾಗ, ದೆಹಲಿಯಿಂದ ಆದೇಶ ಬಂದಿರಲಿಲ್ಲ. ಸಭೆಯನ್ನು ಕೆಲವು ಗಂಟೆ ತಡೆಹಿಡಿದು ಕಾದರೂ ಬರಲಿಲ್ಲ. ಕಾನೂನುಶಾಸ್ತ್ರದಲ್ಲಿ ಅಷ್ಟು ಪರಿಣತಿಯುಳ್ಳ, ಸ್ವಂತ ಅಭಿಪ್ರಾಯಕ್ಕೆ ಎಳ್ಳಷ್ಟೂ ಕೊರತೆಯಿಲ್ಲದ, ಅಧ್ಯಕ್ಷಪೀಠದಲ್ಲಿಯೇ ಕುಳಿತಿದ್ದ ಆ ಪುರುಷರು, ಜಗತ್ತು ತಮ್ಮ ಕಡೆ ನೋಡುತ್ತಿದ್ದ ಆ ಹೊತ್ತಿನಲ್ಲಿ, ತಮಗೆ ಅಧಿಕಾರವಿಲ್ಲದ ಮಾತನ್ನು ಆಡಲು ಒಪ್ಪದೆ, ಈಜಿಪ್ಟಿನ ಪ್ರತಿನಿಧಿಯಂತೆಯೇ ಮತದಾನದಲ್ಲಿ ಭಾಗವಹಿಸದೆ ಉಳಿದರು. ಭಾರತ ಸರಕಾರ ಆ ನಿರ್ಣಯವನ್ನು ಒಪ್ಪಿಕೊಂಡದ್ದು 29ರಂದು. ನರಸಿಂಗರಾಯರ ಆ ಮೌನದಲ್ಲಿ ರಾಯಭಾರಿಯ ಧರ್ಮದ ತಿರುಳಿದೆ. ಅವನು ತನಗಾಗಿ ಮಾತನಾಡತಕ್ಕವನಲ್ಲ. ಕೋಟ್ಯಂತರ ಜನರಿಗೆ ಉತ್ತರವಾದಿಯಾದ ಸರಕಾರವೊಂದು ಅವನಿಗೆ ಕೊಟ್ಟ ಮಾತನ್ನು ಮಾತ್ರ, ಕೊಟ್ಟ ಎಲ್ಲೆಯೊಳಗೆ, ತನ್ನ ಶಕ್ತಿಯಿದ್ದಷ್ಟೂ ಸಮರ್ಥವಾಗಿ ಆಡತಕ್ಕವನು.

ನಮ್ಮ ಕಾರ್ಯಾಗಾರಗಳು ಕಲಿಸದಿರುವುದು ಇದನ್ನೇ. ವಿದ್ಯಾರ್ಥಿಯ ಹಿಂದೆ ರಾಜಧಾನಿಯಿಲ್ಲ, ಮಂತ್ರಾಲಯವಿಲ್ಲ, ಸಂಜೆ ವರದಿ ಒಪ್ಪಿಸಬೇಕಾದ ಮೇಲಧಿಕಾರಿಯಿಲ್ಲ. ಇರುವುದು ತನ್ನ ದೇಶದ ನಿಲುವಿನ ಬಗೆಗೆ ತಾನೇ ಸಿದ್ಧಪಡಿಸಿದ ಪೊಸಿಷನ್ ಪೇಪರ್ ಒಂದೇ. ಆದ್ದರಿಂದ ಚರ್ಚೆ ಬಿಸಿಯೇರಿದ ಕೂಡಲೇ ಅವನು ತನ್ನ ದೇಶವನ್ನು ಮರೆತು ತಾನೇ ಆಗುತ್ತಾನೆ. ಭದ್ರತಾ ಮಂಡಳಿಯ ಖಾಯಂ ಸದಸ್ಯತ್ವದ ಆಸನದಲ್ಲಿ ಕುಳಿತವನು ಸಭಿಕರ ಚಪ್ಪಾಳೆಗೆ ಮನಸೋತು ನಿಷೇಧಾಧಿಕಾರವನ್ನೇ ಬಿಟ್ಟುಕೊಡುವೆನೆಂದು ಘೋಷಿಸಿದರೆ, ತರಬೇತಿಯಲ್ಲಿ ಕಲಿತ ವಾಗ್ಮಿತೆ ಅಲ್ಲಿ ಸಂಪೂರ್ಣವಾಗಿ ಫಲಿಸಿರುತ್ತದೆ, ರಾಯಭಾರವಿದ್ಯೆ ಮಾತ್ರ ಹುಟ್ಟಿಯೇ ಇರುವುದಿಲ್ಲ. ಇದಕ್ಕೆ ಪರಿಹಾರ ಕಷ್ಟವೂ ಅಲ್ಲ, ವೆಚ್ಚದ್ದೂ ಅಲ್ಲ. ಪ್ರತಿಯೊಬ್ಬನ ಕೈಗೂ ಅವನ ಸರಕಾರದ್ದೆಂದು ಒಂದು ಮುಚ್ಚಿದ ಪತ್ರವನ್ನು ಕೊಟ್ಟು, ಯಾವುದನ್ನು ಬಿಟ್ಟುಕೊಡಬಹುದು, ಯಾವುದನ್ನು ಎಂದಿಗೂ ಬಿಡಕೂಡದು ಎಂದು ಅದರಲ್ಲಿ ಬರೆದು, ಮಧ್ಯಾಹ್ನದ ಹೊತ್ತಿಗೆ ಅದನ್ನು ತಿದ್ದುವ ಎರಡನೆಯ ಪತ್ರವನ್ನು ಕಳುಹಿಸಿ, ಸಂಜೆ ಅವನಿಂದ ಒಂದು ಪುಟದ ವರದಿಯನ್ನು ಬರೆಯಿಸುವ ಕಾರ್ಯಾಗಾರ ಒಂದೇ ಒಂದಾದರೂ ನಡೆಯಲಿ. ತಾನು ಒಪ್ಪದ ಮಾತನ್ನು ನಿಷ್ಠೆಯಿಂದ ಮಂಡಿಸುವ ಯಾತನೆಯನ್ನೂ, ತಾನು ಒಪ್ಪುವ ಮಾತನ್ನು ಆಡಲಾಗದ ಸಂಯಮವನ್ನೂ ಹದಿನೆಂಟರ ವಯಸ್ಸಿನಲ್ಲಿ ಒಂದು ದಿನ ಅನುಭವಿಸಿದವನು ಪತ್ರಿಕೆಯಲ್ಲಿ ವಿದೇಶಾಂಗ ವಾರ್ತೆಯನ್ನು ಓದುವ ರೀತಿಯೇ ಬೇರೆಯಾಗುತ್ತದೆ.

ಬಹುಮಾನಗಳ ವಿಚಾರವೂ ಇಲ್ಲಿ ಸೇರುತ್ತದೆ. ಬೆಸ್ಟ್ ಡೆಲಿಗೇಟ್ ಪ್ರಶಸ್ತಿಯ ಮೇಲೆ ಕಣ್ಣಿಟ್ಟು ನಡೆಸುವ ತರಬೇತಿ ಎದ್ದು ಕಾಣುವವನನ್ನು ಮೆಚ್ಚಲೇಬೇಕಾಗುತ್ತದೆ. ಕೊಠಡಿಯ ಮೂಲೆಯಲ್ಲಿ ಇಬ್ಬರು ವಿರೋಧಿಗಳನ್ನು ಒಂದು ವಾಕ್ಯಕ್ಕೆ ಒಪ್ಪಿಸಿದವನು ಅಧ್ಯಕ್ಷರ ಅಂಕಪಟ್ಟಿಗೆ ಬೀಳುವುದೇ ಇಲ್ಲ. ಹೇಗ್ ನಗರದ ಸಮ್ಮೇಳನ ಪ್ರಶಸ್ತಿಗಳನ್ನೇ ಕೊಡುವುದಿಲ್ಲವೆಂಬುದು ಈ ದೃಷ್ಟಿಯಿಂದ ಅದರ ಅತ್ಯಂತ ಶ್ಲಾಘ್ಯವಾದ ಗುಣ. ಅಲ್ಲಿ ವಿದ್ಯಾರ್ಥಿಗಳು ತಂದ ಕರಡುಗಳನ್ನು ಮೊದಲು ಲಾಬಿಯಿಂಗ್ ಹೊತ್ತಿನಲ್ಲಿ ಪರಸ್ಪರ ಓದಿ, ಕೂಡಿಸಿ, ತಿದ್ದಿ, ಆಮೇಲೆಯೇ ಚರ್ಚೆಗೆ ತರುತ್ತಾರೆ. ಪರರ ವಾಕ್ಯವನ್ನು ಓದುವ ಅಭ್ಯಾಸ ಭಾಷಣಕ್ಕಿಂತ ಮೊದಲು ಬರುತ್ತದೆ. ಆ ಕ್ರಮವೂ ಕೊನೆಗೆ ಪರ ವಿರೋಧಗಳ ಸರದಿ ಭಾಷಣಕ್ಕೆ, ಮತಗಣನೆಗೆ ಬಂದು ನಿಲ್ಲುತ್ತದೆಂಬುದು ನಿಜ. ಆದರೆ ಮತವೆಂಬುದು ರಾಯಭಾರದಲ್ಲಿ ಕಟ್ಟಕಡೆಯ ಉಪಾಯ. ಸಮುದ್ರ ಕಾನೂನನ್ನು ಕುರಿತ ವಿಶ್ವಸಂಸ್ಥೆಯ ಮೂರನೆಯ ಸಮ್ಮೇಳನ 1973ರಲ್ಲಿ ಆರಂಭವಾಗಿ 1982ರವರೆಗೆ ನಡೆಯಿತು. ಸರ್ವಸಮ್ಮತಿಯ ಯತ್ನಗಳೆಲ್ಲ ಮುಗಿಯುವವರೆಗೆ ಮತಕ್ಕೆ ಹೋಗಕೂಡದೆಂದು ಅಲ್ಲಿ ರಾಷ್ಟ್ರಗಳು ಆರಂಭದಲ್ಲಿಯೇ ಮಾತು ಕೊಟ್ಟುಕೊಂಡಿದ್ದವು. ಕೊನೆಗೆ ಮತಕ್ಕೆ ಹಾಕಿದಾಗ 130 ರಾಷ್ಟ್ರಗಳು ಪರವಾಗಿಯೂ, ಅಮೆರಿಕವೂ ಸೇರಿದಂತೆ 4 ವಿರೋಧವಾಗಿಯೂ, 17 ತಟಸ್ಥವಾಗಿಯೂ ನಿಂತವು. ಒಡಂಬಡಿಕೆ ಜಾರಿಗೆ ಬರುವ ಹೊತ್ತಿಗೆ 1994 ಬಂದಿತ್ತು. ಎರಡು ದಿನಗಳಲ್ಲಿ ನಿರ್ಣಯ ಮುಗಿಸುವ ಮಕ್ಕಳಿಗೆ ಈ ಒಂಬತ್ತು ವರ್ಷಗಳ ತಾಳ್ಮೆಯ ಕಥೆಯನ್ನು ಯಾರಾದರೂ ಹೇಳಬೇಡವೆ?

ಅದನ್ನು ಹೇಳಬೇಕಾದವರು ಉಪನ್ಯಾಸಕರು. ನಿವೃತ್ತ ರಾಯಭಾರಿಗಳು, ಪತ್ರಕರ್ತರು, ಅಧ್ಯಾಪಕರು ಈ ವೇದಿಕೆಗೆ ಬರುತ್ತಾರೆ, ಅವರ ಅನುಭವದ ಮಹತ್ತ್ವವೂ ದೊಡ್ಡದು. ಆದರೆ ಉಪನ್ಯಾಸವು ಬಹುಮಟ್ಟಿಗೆ ವೃತ್ತಿಜೀವನದ ಸಿಂಹಾವಲೋಕನವಾಗಿ, ನಾಯಕತ್ವದ ಬಗೆಗಿನ ಉಪದೇಶವಾಗಿ ಪರಿಣಮಿಸುತ್ತದೆ. ನಾನು ಆಲಿಸಿದವುಗಳಲ್ಲಿ ಮನಸ್ಸಿನಲ್ಲಿ ನಿಂತವು, ಉಪನ್ಯಾಸಕರು ಒಂದೇ ಒಂದು ಒಪ್ಪಂದದ ಒಂದೇ ಒಂದು ಕಲಮನ್ನು ಹಿಡಿದು, ಅದು ಮೊದಲು ಹೇಗಿತ್ತು, ಯಾರು ಅದಕ್ಕೆ ಅಡ್ಡಬಂದರು, ಯಾವ ರಾತ್ರಿ ಯಾವ ಪದದ ಮೇಲೆ ಸಂಧಿ ಏರ್ಪಟ್ಟಿತು ಎಂಬುದನ್ನು ಬಿಡಿಸಿ ಹೇಳಿದಂಥವು. ಕಮ್ಮಾರನ ಕುಲುಮೆಯ ಬಳಿ ನಿಂತು ಕಬ್ಬಿಣ ಬಗ್ಗುವುದನ್ನು ನೋಡಿದಂತೆ, ಆಗ ಕೇಳುಗನಿಗೆ ಕೆಲಸವೇ ಕಣ್ಣಿಗೆ ಕಟ್ಟುತ್ತದೆ.

ಉಪನ್ಯಾಸಕ್ಕೆ ವಸ್ತುವಿಲ್ಲವೆಂದು ಹೇಳುವಂತಿಲ್ಲ. 1945ರ ಜೂನ್ 26ರಂದು ಸಾನ್ ಫ್ರಾನ್ಸಿಸ್ಕೋದಲ್ಲಿ ವಿಶ್ವಸಂಸ್ಥೆಯ ಸನ್ನದಿಗೆ ಭಾರತದ ಪರವಾಗಿ ಸಹಿ ಹಾಕಿದ ಆರ್ಕಾಟ್ ರಾಮಸ್ವಾಮಿ ಮೊದಲಿಯಾರರು ಮರುವರ್ಷ ಆರ್ಥಿಕ ಮತ್ತು ಸಾಮಾಜಿಕ ಮಂಡಳಿಯ ಪ್ರಥಮಾಧ್ಯಕ್ಷರಾದರು. ಮೈಸೂರು ಸಂಸ್ಥಾನದ ಕೊನೆಯ ದಿವಾನರೂ ಅವರೇ. ಅವರು ಸಹಿ ಹಾಕಿದ ದಿನ ಭಾರತ ಸ್ವತಂತ್ರವಾಗಿರಲಿಲ್ಲ. ಅದೇ ನಗರದಲ್ಲಿ, ಸಭಾಂಗಣದ ಹೊರಗೆ, ಬ್ರಿಟಿಷ್ ಸರಕಾರ ನೇಮಿಸಿದ ಆ ನಿಯೋಗ ಭಾರತೀಯರ ಪ್ರತಿನಿಧಿಯಲ್ಲವೆಂದು ವಿಜಯಲಕ್ಷ್ಮಿ ಪಂಡಿತರು ಪ್ರಚಾರ ನಡೆಸುತ್ತಿದ್ದರು; 1953ರಲ್ಲಿ ಮಹಾಸಭೆಯ ಅಧ್ಯಕ್ಷಪೀಠವನ್ನು ಅಲಂಕರಿಸಿದ ಮೊದಲ ಮಹಿಳೆಯೂ ಅವರೇ. ಒಳಗೆ ಕುಳಿತವರು ಯಾರ ಪರವಾಗಿ ನುಡಿದರು, ಹೊರಗೆ ನಿಂತವರು ಯಾರ ಪರವಾಗಿ? ಬೆಂಗಳೂರಿನ ಸಮ್ಮೇಳನವೊಂದರ ಉದ್ಘಾಟನೋಪನ್ಯಾಸ ಈ ಪ್ರಶ್ನೆಯನ್ನೆತ್ತಿಕೊಂಡು ಗಂಟೆ ಹೊತ್ತು ಚರ್ಚಿಸಿದರೆ, ಅಂದು ಮಧ್ಯಾಹ್ನ ಪ್ಲಕಾರ್ಡು ಎತ್ತುವ ಪ್ರತಿಯೊಂದು ಕೈಯೂ ಒಂದು ಕ್ಷಣ ಯೋಚಿಸಿಯೇ ಮೇಲೇಳುವುದು.

ಭಾಷೆಯ ವಿಷಯವಾಗಿ ಒಂದು ಮಾತು ಉಳಿದಿದೆ. ವಿಶ್ವಸಂಸ್ಥೆಯ ಅಧಿಕೃತ ಭಾಷೆಗಳು 6. ಅಲ್ಲಿನ ಪ್ರತಿನಿಧಿ ಅನೇಕ ವೇಳೆ ತನ್ನ ಎದುರಾಳಿಯ ಮಾತನ್ನು ದುಭಾಷಿಯ ಧ್ವನಿಯಲ್ಲಿಯೇ ಕೇಳುತ್ತಾನೆ. ನಮ್ಮ ಸಮ್ಮೇಳನಗಳಲ್ಲಿ ಉಪನ್ಯಾಸ, ತರಬೇತಿ, ಚರ್ಚೆ, ಎಲ್ಲವೂ ಇಂಗ್ಲಿಷಿನಲ್ಲಿಯೇ. ಅದೂ ನಗರದ ಶಾಲೆಗಳ ಓಟದ ಇಂಗ್ಲಿಷು. ಹಾಸನದ ಅಥವಾ ವಿಜಯಪುರದ ಸರಕಾರಿ ಕಾಲೇಜಿನ ಹುಡುಗನಿಗೆ ವಿಷಯ ತಿಳಿದಿದ್ದರೂ ಬಾಯಿ ಏಳುವುದಿಲ್ಲ. ಅವನಿಗೆ ಸಭಾನಡವಳಿಕೆ ಹೊಸತೇನೂ ಅಲ್ಲ. ನಮ್ಮ ರಾಜ್ಯದ ಶಾಲೆಗಳಲ್ಲಿ ನಡೆಯುವ ಯುವ ಸಂಸತ್ತಿನ ಸ್ಪರ್ಧೆಗಳಲ್ಲಿ ಸಭಾಧ್ಯಕ್ಷನಾಗಿಯೋ ವಿರೋಧಪಕ್ಷದ ನಾಯಕನಾಗಿಯೋ ಅಚ್ಚ ಕನ್ನಡದಲ್ಲಿ ಪ್ರಶ್ನೋತ್ತರದ ವೇಳೆಯನ್ನು ನಿಭಾಯಿಸಿದ ಮಕ್ಕಳನ್ನು ಎಷ್ಟೋ ಊರುಗಳಲ್ಲಿ ಕಾಣಬಹುದು. ನಗರದ ಸಮ್ಮೇಳನಗಳನ್ನು ನಡೆಸುವ ವಿದ್ಯಾರ್ಥಿಸಂಘಗಳು ತಮ್ಮ ಕಾರ್ಯಾಗಾರವನ್ನು ಸಮ್ಮೇಳನದ ಹಿಂದಿನ ಸಂಜೆಗೆ ಸೀಮಿತಗೊಳಿಸದೆ, ಎರಡು ಮೂರು ತಿಂಗಳು ಮುಂಚಿತವಾಗಿ ಇಂಥ ಕಾಲೇಜುಗಳಿಗೆ ಕೊಂಡೊಯ್ದು, ಸನ್ನದಿನ ಮುಖ್ಯ ವಿಧಿಗಳನ್ನೂ ಮಹಾಸಭೆಯ ನಿಯಮಗಳನ್ನೂ ಕನ್ನಡದಲ್ಲಿ ಅಚ್ಚುಹಾಕಿ ಹಂಚಿ, ಒಂದು ಸಮಿತಿಯನ್ನಾದರೂ ಕನ್ನಡ ಇಂಗ್ಲಿಷುಗಳೆರಡರಲ್ಲಿ, ವಿದ್ಯಾರ್ಥಿಗಳೇ ದುಭಾಷಿಗಳಾಗಿ, ನಡೆಸಿ ನೋಡಬೇಕೆಂಬುದು ನನ್ನ ಒತ್ತಾಯದ ಕೋರಿಕೆ.